ಕೊರಳಿಗೆ ಹೊಸ ಬಿಳಿ, ಬೆನ್ನಿಗೆ ಕೊಬ್ಬರಿ ಎಣ್ಣೆ: ಒಂದು ಮರದ ಬಾತಿನ ತಪಾಸಣೆ

"ಅಣ್ಣಾ, ಮನೇಲಿದೀರಾ? ಒಂದು ಬಾತುಕೋಳಿ ತಂದಿದೀನಿ. ನೀವು ನೋಡಲೇಬೇಕು."

ಫೋನಿನಲ್ಲಿ ಗೆಳೆಯ. ಅಡುಗೆಗಾ ಅಂತ ಕೇಳಿದೆ. ನಕ್ಕ. ಅರ್ಧ ಗಂಟೆಯಲ್ಲಿ ಮನೆ ಮುಂದೆ ಕಾರು ನಿಂತಿತು. ಹಿಂದಿನ ಸೀಟಿನಲ್ಲಿ ಟವೆಲ್ ಸುತ್ತಿದ ಗಂಟು. ಅದರ ಪಕ್ಕ ಅವನ ಅಮ್ಮ. ದಾವಣಗೆರೆಯಿಂದ ಬಂದು ಎರಡು ತಿಂಗಳಾಗಿತ್ತು.

ನಾವಿಬ್ಬರೂ ಇರುವುದು ಡೆಟ್ರಾಯಿಟ್ ಹತ್ತಿರ. ಇಬ್ಬರೂ ಕಾರಿನ ಕೆಲಸದವರು. ಅವನದು ಬ್ರೇಕು, ನನ್ನದು ಬಣ್ಣ. ಬಾತು ನನ್ನ ಹತ್ತಿರ ಬಂದಿದ್ದು ಅದಕ್ಕೇ. ಹಳೇ ಬಣ್ಣ ನೋಡುವ ಹುಚ್ಚು ನನಗೆ ಮೊದಲಿಂದ ಇದೆ. ಐದಾರು ವರ್ಷದಿಂದ ಡಿಕಾಯ್ ಅನ್ನುವ ಈ ಮರದ ಬೇಟೆ ಬಾತುಗಳನ್ನೂ ನೋಡುತ್ತಾ ಬಂದಿದ್ದೇನೆ. ಕೊಂಡಿದ್ದು ಕಮ್ಮಿ, ನೋಡಿದ್ದು ಜಾಸ್ತಿ.

ಅವನಿಗೆ ಅದು ಸಿಕ್ಕಿದ್ದು ಸೇಂಟ್ ಕ್ಲೇರ್ ಸರೋವರದ ದಡದ ಒಂದು ಮನೆಯಲ್ಲಿ. ಯಜಮಾನರು ತೀರಿಕೊಂಡ ಮೇಲೆ ಮನೆ ಸಾಮಾನೆಲ್ಲ ಮಾರಿಬಿಡುತ್ತಾರಲ್ಲ, ಆ ಥರದ ಎಸ್ಟೇಟ್ ಸೇಲ್. ಕೊಟ್ಟಿದ್ದು 180 ಡಾಲರ್. ಕತ್ತಿಗೆ ದಾರ ಕಟ್ಟಿ ಒಂದು ಚೀಟಿ ನೇತುಹಾಕಿದ್ದರು. ಅದರಲ್ಲಿ ನಾಲ್ಕು ಮಾತು ಇದ್ದವು: ಮೇಸನ್ ಪ್ರೀಮಿಯರ್. 1900. ಮೂಲ ಬಣ್ಣ. ತಳದಲ್ಲಿ ಮಾಡಿದವರ ಗುರುತು ಇದೆ.

ಅವನು ಆಗಲೇ ಫೋನಿನಲ್ಲಿ ಹುಡುಕಿ ತಲೆ ಕೆಡಿಸಿಕೊಂಡಿದ್ದ. ಮ್ಯಾಸಚೂಸೆಟ್ಸ್‌ನ ಈಸ್ಟ್ ಹಾರ್ವಿಚ್ ಊರಿನ ಎಲ್ಮರ್ ಕ್ರೋವೆಲ್ ಕೆತ್ತಿದ ಎರಡು ಹಕ್ಕಿಗಳು 2007ರಲ್ಲಿ ತಲಾ 11 ಲಕ್ಷ 30 ಸಾವಿರ ಡಾಲರ್‌ಗೆ ಮಾರಾಟವಾಗಿವೆ. ಆ ಸುದ್ದಿ ಓದಿದವರಿಗೆ ಯಾವ ಮರದ ಬಾತು ನೋಡಿದರೂ ಹಾಗೇ ಅನ್ನಿಸುತ್ತದೆ. "ಲಾಟರಿ ಹೊಡೆದಿದೆ ಅಲ್ವಾ ಅಣ್ಣಾ?" ಅಂದ. ಮೊದಲು ಟವೆಲ್ ಬಿಚ್ಚಪ್ಪಾ ಅಂದೆ.

ಬಿಚ್ಚಿದರೆ ಬೆನ್ನು ಫಳಫಳ ಹೊಳೆಯುತ್ತಿತ್ತು. ಮೂಗಿಗೆ ಕೊಬ್ಬರಿ ಎಣ್ಣೆ ವಾಸನೆ.

"ಎಷ್ಟು ಒಣಗಿ ಹೋಗಿತ್ತು ಪಾಪ," ಅಂದರು ಅವನ ಅಮ್ಮ. "ಮರದ ಸಾಮಾನಿಗೆ ಒಂದು ಕೈ ಎಣ್ಣೆ ಸವರಿದರೆ ಜೀವ ಬರುತ್ತೆ. ಬಾಲದ ಕಡೆ ಇನ್ನೂ ಸವರಿಲ್ಲ, ಎಣ್ಣೆ ಮುಗಿದೋಯ್ತು."

ಎಣ್ಣೆ ಮುಗಿದಿದ್ದೇ ಪುಣ್ಯ ಅಂತ ಮನಸ್ಸಲ್ಲೇ ಅಂದುಕೊಂಡೆ. ಅವರ ತಪ್ಪೇನೂ ಇಲ್ಲ. ಬಾಗಿಲಿಗೆ, ಈಳಿಗೆ ಮಣೆಗೆ, ಚನ್ನೆಮಣೆಗೆ ನಾವು ಮಾಡುವುದು ಅದನ್ನೇ. ಆದರೆ ಹಳೇ ಬಣ್ಣದ ಮೇಲೆ ಎಣ್ಣೆ ಬಿದ್ದರೆ ಮಬ್ಬು ಹೋಗಿ ಎಲ್ಲಾ ಒಂದೇ ಥರ ಮಿಂಚುತ್ತದೆ. ಹಳತು ಯಾವುದು, ಹೊಸತು ಯಾವುದು ಗೊತ್ತಾಗುವುದಿಲ್ಲ. ಒಣ ಹತ್ತಿಯಿಂದ ಮೆಲ್ಲಗೆ ಒತ್ತಿ ಒತ್ತಿ ಎಷ್ಟು ತೆಗೆಯಬಹುದೋ ಅಷ್ಟು ತೆಗೆದೆ. ಉಜ್ಜಲಿಲ್ಲ. ಸೋಪು, ನೀರು ಮುಟ್ಟಿಸಲಿಲ್ಲ.

ಡಿಕಾಯ್ ಗೊತ್ತಿಲ್ಲದವರಿಗೆ ಒಂದು ಮಾತು. ಹಾರಿ ಹೋಗುವ ಬಾತುಗಳನ್ನು ಕೆಳಕ್ಕೆ ಇಳಿಸಲು ಬೇಟೆಗಾರರು ನೀರಿನ ಮೇಲೆ ತೇಲಿ ಬಿಡುವ ಸುಳ್ಳು ಬಾತು ಅದು. ನಮ್ಮವರು ಇಲ್ಲಿದ್ದಾರೆ, ಜಾಗ ಕ್ಷೇಮ ಅಂತ ಮೇಲಿನ ಹಿಂಡು ಇಳಿಯುತ್ತದೆ. ಈ ಉಪಾಯ ಬಹಳ ಹಳೆಯದು. ನೆವಾಡಾದ ಲವ್‌ಲಾಕ್ ಗುಹೆಯಲ್ಲಿ 1924ರಲ್ಲಿ ಜೊಂಡಿನಿಂದ ಹೆಣೆದ ಹನ್ನೊಂದು ಡಿಕಾಯ್‌ಗಳು ಸಿಕ್ಕವು. ಅಲ್ಲಿನ ಮೂಲನಿವಾಸಿಗಳು ಸುಮಾರು 2000 ವರ್ಷದ ಹಿಂದೆ ಮಾಡಿದ್ದು. ಯುರೋಪಿನಿಂದ ಬಂದವರು ಅದನ್ನೇ ಮರದಲ್ಲಿ ಮಾಡಿದರು.

ಇದನ್ನು ಹೇಳುತ್ತಿದ್ದಾಗ ಅಮ್ಮ ನಡುವೆ ಬಾಯಿ ಹಾಕಿದರು. "ಅಯ್ಯೋ, ಇದು ನಮ್ಮ ಕಡೆ ಕೌಜುಗ ಹಿಡಿದಂಗೇ. ನನ್ನ ಚಿಕ್ಕಪ್ಪ ಪಂಜರದಲ್ಲಿ ಒಂದು ಕೌಜುಗ ಸಾಕಿದ್ರು. ಅದನ್ನ ಹೊಲದಲ್ಲಿಟ್ರೆ ಕೂಗೋದು. ಅದರ ಕೂಗಿಗೆ ಬೇರೆವು ಬಂದು ಬಲೆಗೆ ಬೀಳೋವು."

ಅದೇ ಲೆಕ್ಕ. ಹಳಗನ್ನಡದಲ್ಲಿ ಇಂಥ ಪಳಗಿಸಿದ ಬೇಟೆ ಪ್ರಾಣಿಗೆ 'ದೀವ' ಅನ್ನುವ ಮಾತೇ ಇದೆ. ಅಮೆರಿಕದಲ್ಲೂ ಜೀವಂತ ಬಾತುಗಳನ್ನು ಕಟ್ಟಿ ಕೂಗಿಸುತ್ತಿದ್ದರು. 1935ರಲ್ಲಿ ಅದನ್ನು ನಿಷೇಧಿಸಿದರು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಚಿಕ್ಕಪ್ಪನ ಕೌಜುಗವೂ ಕಾನೂನಿಗೆ ವಿರುದ್ಧವೇ. ಅದನ್ನು ಅಮ್ಮನಿಗೆ ಹೇಳಲಿಲ್ಲ.

ಮೇಸನ್ ಅಂದರೆ ಯಾರು? ಡೆಟ್ರಾಯಿಟ್‌ನದೇ ಕಾರ್ಖಾನೆ. 1896ರಿಂದ 1924ರವರೆಗೆ ನಡೆಯಿತು. ಆಗ ಬಾತು ಹೊಡೆದು ಪೇಟೆಗೆ, ಹೋಟೆಲಿಗೆ ಮಾರುವುದೇ ದೊಡ್ಡ ವ್ಯಾಪಾರ. ಒಬ್ಬೊಬ್ಬ ಬೇಟೆಗಾರನಿಗೂ ಡಜನ್‌ಗಟ್ಟಲೆ ಡಿಕಾಯ್ ಬೇಕಿತ್ತು. 1918ರಲ್ಲಿ ವಲಸೆ ಹಕ್ಕಿಗಳ ಕಾಯ್ದೆ ಬಂದು ಆ ವ್ಯಾಪಾರ ನಿಂತುಹೋಯಿತು. ಆರು ವರ್ಷದ ಮೇಲೆ ಕಾರ್ಖಾನೆಯೂ ಮುಚ್ಚಿತು. ಶುರು ಮಾಡಿದವರು ವಿಲಿಯಂ ಮೇಸನ್. ಅವರ ಮಗ ಹರ್ಬರ್ಟ್ ಆಮೇಲೆ ಕಾರಿನ ಬಣ್ಣದ ವ್ಯಾಪಾರಕ್ಕೆ ಇಳಿದರು. ರಿನ್‌ಶೆಡ್-ಮೇಸನ್ ಅನ್ನುವ ಹೆಸರಿನಲ್ಲಿರುವ ಮೇಸನ್ ಅವರೇ. ನನ್ನ ಕಸುಬಿನವರಿಗೆ ಇದು ಗೊತ್ತಿರುವ ಹೆಸರು. ಬಾತಿನ ಎದೆಗೆ ಬಣ್ಣ ಬಳಿಸುತ್ತಿದ್ದ ಮನೆಯವರು ಕಾರಿನ ಬಾಗಿಲಿಗೆ ಬಳಿಯುವ ಬಣ್ಣ ಮಾಡಿದರು ಅನ್ನುವುದು ನನಗೆ ಈಗಲೂ ಖುಷಿ ಕೊಡುವ ಸಂಗತಿ.

ಸರಿ, ಚೀಟಿಗೆ ಬರೋಣ.

ಮೊದಲು ಕೈಯಲ್ಲಿ ಹಿಡಿದು ನೋಡಿದೆ. ಮೊಳಕ್ಕೆ ಸ್ವಲ್ಪ ಕಮ್ಮಿ ಉದ್ದ. ಹಸಿರು ತಲೆ, ಕೊರಳಿಗೆ ಬಿಳಿ ಪಟ್ಟಿ, ಕೆಂಗಂದು ಎದೆ. ಅಂದರೆ ಮ್ಯಾಲರ್ಡ್ ಅನ್ನುವ ಜಾತಿಯ ಗಂಡು ಬಾತು. ತೆಂಗಿನಕಾಯಿ ಕೊಳ್ಳುವಾಗ ಬಡಿದು ನೋಡುವ ಹಾಗೆ ಬೆನ್ನ ಮೇಲೆ ಬೆರಳ ಗೆಣ್ಣಿನಿಂದ ಬಡಿದೆ. ಟಕ್ ಅಂತ ಗಟ್ಟಿ ಸದ್ದು. ಒಳಗೆ ಪೊಳ್ಳಿಲ್ಲ. ಸುತ್ತಲೂ ಉಗುರು ಆಡಿಸಿದೆ. ಎಲ್ಲೂ ಬೆಸುಗೆಯ ಗೆರೆ ಸಿಗಲಿಲ್ಲ. ಒಂದೇ ತುಂಡು ಮರ.

ಪ್ರೀಮಿಯರ್ ಅನ್ನುವ ಮಾತು ಅಲ್ಲಿಗೇ ಬಿದ್ದುಹೋಯಿತು. ಮೇಸನ್‌ನವರ ಪ್ರೀಮಿಯರ್ ಅಂದರೆ ಮೇಲಿನ ದರ್ಜೆ. ಸಾಮಾನ್ಯವಾಗಿ ಎರಡು ತುಂಡು ಸೇರಿಸಿ ಒಳಗೆ ಪೊಳ್ಳು ಬಿಟ್ಟಿರುತ್ತಾರೆ. ಕೊಕ್ಕಿನ ಕೆತ್ತನೆಯೂ ನಾಜೂಕು. ಮೂಗಿನ ಹೊಳ್ಳೆ, ಮೇಲೆ ಕೆಳಗೆ ದವಡೆ ಸೇರುವ ಗೆರೆ, ಕೊಕ್ಕಿನ ತುದಿಯಲ್ಲಿ ಉಗುರಿನಂಥ ಗಂಟು, ಎಲ್ಲವನ್ನೂ ಚಾಕುವಿನಲ್ಲೇ ಕೆತ್ತಿರುತ್ತಾರೆ. ಅದರ ಕೆಳಗೆ ಚಾಲೆಂಜ್ ದರ್ಜೆ. ಅದರಲ್ಲಿ ಹೊಳ್ಳೆ ಕೆತ್ತಿರುತ್ತಾರೆ, ಆದರೆ ತುದಿಯ ಉಗುರಿಗೆ ಒಂದು ಕಪ್ಪು ಚುಕ್ಕೆ ಇಟ್ಟು ಮುಗಿಸಿರುತ್ತಾರೆ. ಇನ್ನೂ ಕೆಳಗಿನದು ಸ್ಟ್ಯಾಂಡರ್ಡ್. ಕೊಕ್ಕಿನಲ್ಲಿ ಕೆತ್ತನೆ ಇಲ್ಲ, ಏನಿದ್ದರೂ ಬಣ್ಣದಲ್ಲೇ. ಈ ಸ್ಟ್ಯಾಂಡರ್ಡ್‌ನಲ್ಲೂ ಕಣ್ಣು ನೋಡಿ ಮೂರು ಮಾಡುತ್ತಾರೆ. ಗಾಜಿನ ಕಣ್ಣಿನದು ಮೇಲು. ಮೊಳೆಯ ತಲೆಯನ್ನೇ ಕಣ್ಣಾಗಿ ಹೊಡೆದಿದ್ದು ಅದರ ಕೆಳಗೆ. ಸುಮ್ನೆ ಬಣ್ಣದಲ್ಲಿ ಬರೆದ ಕಣ್ಣು ಎಲ್ಲಕ್ಕಿಂತ ಅಗ್ಗ.

ನಮ್ಮ ಹಕ್ಕಿಯ ಕೊಕ್ಕು ನುಣ್ಣಗಿತ್ತು. ಕಣ್ಣು ಗಾಜಿನದು. ಸ್ಟ್ಯಾಂಡರ್ಡ್, ಗಾಜಿನ ಕಣ್ಣು ಅಂದೆ. ಅವನ ಮುಖ ಸಪ್ಪಗಾಯಿತು.

ಆದರೆ ಮೇಸನ್ ಹೌದಾ? ಅದನ್ನು ಹೇಳಬೇಕಾದದ್ದು ಕತ್ತು. ಮೇಸನ್‌ನವರು ತಲೆಯನ್ನು ದೇಹಕ್ಕೆ ಕೂರಿಸಿದ ಮೇಲೆ ಸಂದಿಗೆ ಪುಟ್ಟಿ ಮೆತ್ತಿ ಅದರ ಮೇಲೆ ಬಣ್ಣ ಬಳಿಯುತ್ತಿದ್ದರು. ಮರ ಹಿಗ್ಗಿ ಕುಗ್ಗುವಾಗ ಪುಟ್ಟಿ ಅದರ ಜೊತೆ ಆಡುವುದಿಲ್ಲ. ಬಿರುಕು ಬಿಟ್ಟು ಚೂರು ಚೂರಾಗಿ ಉದುರುತ್ತದೆ. ಅದಕ್ಕೇ ಕೆಲಸ ಮಾಡಿದ ಮೇಸನ್‌ಗಳಲ್ಲಿ ಕತ್ತಿನ ಪುಟ್ಟಿ ಅರ್ಧಂಬರ್ಧ ಹೋಗಿರುವುದೇ ಜಾಸ್ತಿ. ಇದರಲ್ಲೂ ಎಡಗಡೆ ಉದುರಿತ್ತು, ಬಲಗಡೆ ಉಳಿದಿತ್ತು. ಕೆನ್ನೆಯ ಉಬ್ಬು, ಕೊಕ್ಕು ಮುಖಕ್ಕೆ ಸೇರುವ ರೀತಿ, ಬಾಲದ ಮೊಂಡು ತುದಿ ಎಲ್ಲಾ ನಾನು ನೋಡಿದ ಬೇರೆ ಮೇಸನ್‌ಗಳಂತೆಯೇ ಇದ್ದವು. ಎಡ ಬಲ ಎರಡೂ ಪಕ್ಕೆ ಅಚ್ಚು ಹೊಡೆದಂತೆ ಸಮ. ಕೈಯಲ್ಲೇ ಪೂರ್ತಿ ಕೆತ್ತಿದರೆ ಅಷ್ಟು ಸಮ ಬರುವುದು ಕಷ್ಟ. ಮೇಸನ್ ದೇಹಗಳನ್ನು ತಿರುಗಣಿಯಲ್ಲಿ ತೆಗೆಯುತ್ತಿದ್ದರು. ಚನ್ನಪಟ್ಟಣದ ತಿರುಗಣಿ ಗುಂಡನೆಯದನ್ನು ಮಾತ್ರ ತೆಗೆಯುತ್ತದೆ. ಇವರದು ಒಂದು ಮಾದರಿಯನ್ನು ಸವರುತ್ತಾ ಹೋಗಿ ಅದೇ ಆಕಾರವನ್ನು ಇನ್ನೊಂದು ಮರದಲ್ಲಿ ಇಳಿಸುವ ಯಂತ್ರ. ಹಾಗಾಗಿ ಬಾತಿನಂಥ ಓರೆಕೋರೆ ಆಕಾರವೂ ಬರುತ್ತದೆ. ಒಟ್ಟಿನಲ್ಲಿ ಮೇಸನ್ ಅನ್ನುವ ಮಾತು ನಿಂತಿತು.

1900? ಅದು ಸುಮ್ನೆ ಬರೆದದ್ದು. 1896ರಿಂದ 1924ರ ಒಳಗೆ ಅನ್ನಬಹುದು, ಅಷ್ಟೇ.

ಆಮೇಲೆ ತಿರುಗಿಸಿ ತಳ ನೋಡಿದೆವು. ಚೀಟಿ ಹೇಳಿದ ಗುರುತು ಅಲ್ಲಿತ್ತು. ಕಾದ ಕಬ್ಬಿಣದಿಂದ ಸುಟ್ಟ ಎರಡು ಇಂಗ್ಲಿಷ್ ಅಕ್ಷರ. "ಇವೇ ಅಣ್ಣಾ ಸಹಿ" ಅಂದ. ಅಲ್ಲಪ್ಪಾ. ಹೊಸಬರು ಬೀಳುವ ಗುಂಡಿ ಇದೇ. ತಳದಲ್ಲಿ ಸುಟ್ಟ ಅಕ್ಷರ ಹೆಚ್ಚಿನ ಸಲ ಮಾಡಿದವರದ್ದಲ್ಲ, ಇಟ್ಟುಕೊಂಡವರದ್ದು. ನಮ್ಮಲ್ಲಿ ಪಾತ್ರೆ ಮೇಲೆ ಹೆಸರು ಹಾಕಿಸುತ್ತಾರಲ್ಲ, ಹಾಗೆ. ಮದುವೆ ಮನೆಯ ಕೊಳದಪ್ಪಲೆ ಮೇಲೆ 'ಹಾ. ಬಸಪ್ಪ' ಅಂತಿದ್ದರೆ ಬಸಪ್ಪನೇ ಅದನ್ನು ಬಡಿದ ಅಂತ ಅರ್ಥವಲ್ಲ. ಒಂದೇ ಕೆರೆಯಲ್ಲಿ ನಾಲ್ಕು ಜನ ಡಿಕಾಯ್ ಬಿಟ್ಟಾಗ ಸಂಜೆ ಯಾರದು ಯಾರದು ಅಂತ ಆರಿಸಿಕೊಳ್ಳಬೇಕು. ಅದಕ್ಕೆ ಈ ಮುದ್ರೆ. ಕ್ರೋವೆಲ್‌ರಂಥ ಕೆಲವರು ತಮ್ಮದೇ ಮುದ್ರೆ ಒತ್ತುತ್ತಿದ್ದರು, ನಿಜ. ಇದು ಅಂಥದ್ದಲ್ಲ.

ತಳದಲ್ಲಿ ಇನ್ನೂ ಒಂದು ಚೆಂದದ ವಿಷಯ ಇತ್ತು. ಹಕ್ಕಿ ನೀರಲ್ಲಿ ಮಗುಚಬಾರದು ಅಂತ ನಡುವೆ ಸೀಸದ ಪಟ್ಟಿ ಹೊಡೆದಿದ್ದರು. ಅದರ ಪಕ್ಕದಲ್ಲೇ ಇನ್ನೊಂದು ಪಟ್ಟಿಯ ನೆರಳು. ಉದ್ದಕ್ಕೆ ಒಂದು ತಿಳಿ ಜಾಗ, ನಾಲ್ಕು ಮೊಳೆ ತೂತು. ಯಾರೋ ಹಳೇ ತೂಕ ಕಿತ್ತು ಬೇರೆ ಕಡೆ ಹೊಡೆದಿದ್ದಾರೆ. ಮುಂದೆ ಹಗ್ಗ ಕಟ್ಟುವ ಕಡೆ ಚರ್ಮದ ಕುಣಿಕೆಯ ಚೂರು, ಅದರ ಮೇಲೊಂದು ತುಕ್ಕು ಹಿಡಿದ ಕಬ್ಬಿಣದ ಬಳೆ. ಈ ಹಕ್ಕಿ ಒಂದು ಸಲ ಅಲ್ಲ, ಬಹಳ ಚಳಿಗಾಲ ನೀರಿಗೆ ಇಳಿದಿದೆ. ಕಪಾಟಿನ ಶೋಕಿಗೆ ಮಾಡಿದ್ದಲ್ಲ.

ಇನ್ನು ಬಣ್ಣ. ಅವನು ದುಡ್ಡು ಕೊಟ್ಟಿದ್ದೇ ಅದಕ್ಕೆ. ಹಳೇ ಡಿಕಾಯ್‌ನ ಬೆಲೆಯ ಬಹುಪಾಲು ಮೂಲ ಬಣ್ಣದಲ್ಲೇ ಇರುತ್ತದೆ. ಎಷ್ಟೇ ಉದುರಿರಲಿ, ಮಾಸಿರಲಿ, ಕಾರ್ಖಾನೆಯಲ್ಲಿ ಬಳಿದದ್ದೇ ಇರಬೇಕು. ಈ ಹಕ್ಕಿಯ ಕೊರಳ ಬಿಳಿ ಪಟ್ಟಿ, ತಲೆಯ ಹಸಿರು ಎರಡೂ ಲಕಲಕ ಅನ್ನುತ್ತಿದ್ದವು. ಅವನು ಮನಸೋತಿದ್ದೂ ಅದಕ್ಕೇ. ನನಗೆ ಅನುಮಾನ ಬಂದಿದ್ದೂ ಅದಕ್ಕೇ.

ಬೇಟೆಗಾರ ಡಿಕಾಯ್ ಎತ್ತುವುದು ತಲೆ ಹಿಡಿದು. ಬೆಳಗಿನ ಜಾವ, ಒದ್ದೆ ಕೈ, ಎತ್ತು, ದೋಣಿಗೆ ಎಸೆ. ನೂರಾರು ಸಲ. ಹಾಗಾದರೆ ಮೊದಲು ಸವೆಯಬೇಕಾದದ್ದು ತಲೆ ಮತ್ತು ಕೊರಳು. ದೋಣಿಯಲ್ಲಿ ಒಂದಕ್ಕೊಂದು ತಾಗಿ ಪಕ್ಕೆ, ಕೊಕ್ಕಿನ ತುದಿ, ಬಾಲದ ತುದಿ ಸವೆಯಬೇಕು. ಇದರ ಪಕ್ಕೆ ಸವೆದಿತ್ತು, ಬಾಲ ಮುಕ್ಕಾಗಿತ್ತು. ತಲೆ ಮಾತ್ರ ನಿನ್ನೆ ಮದುವೆಗೆ ಹೊರಟಂತೆ ಇತ್ತು. ಎಲ್ಲಿ ಸವೆಯಬೇಕೋ ಅಲ್ಲಿ ಸವೆದಿಲ್ಲ ಅಂದರೆ ಏನೋ ಆಗಿದೆ.

ರೂಮಿನ ದೀಪ ಆರಿಸಿ ಟಾರ್ಚನ್ನು ಎದೆಯ ಪಕ್ಕದಲ್ಲಿ ಓರೆಯಾಗಿ ಹಿಡಿದೆ. ನೇರ ಬೆಳಕಿನಲ್ಲಿ ಬರೀ ಚಪ್ಪಟೆ ಕಂದು ಬಣ್ಣ. ಓರೆ ಬೆಳಕಿನಲ್ಲಿ ಅದರ ಅಡಿಯಿಂದ ಸುರುಳಿ ಸುರುಳಿಯಾಗಿ ಸಣ್ಣ ದಿಣ್ಣೆಗಳು ಎದ್ದವು. ಸಗಣಿ ಸಾರಿಸಿದ ನೆಲದ ಮೇಲೆ ಬೆರಳ ಕಮಾನು ಉಳಿಯುತ್ತದಲ್ಲ, ಥೇಟ್ ಹಾಗೆ. ಅಮ್ಮನಿಗೆ ತೋರಿಸಿದೆ. "ಹೌದಲ್ಲೋ, ಯಾರೋ ಸಾರ್ಸಿದಾರೆ" ಅಂದರು. ಮೇಸನ್ ಬಣ್ಣಗಾರರ ಕೈ ಅದೇ. ದಪ್ಪ ಬಣ್ಣವನ್ನು ಕುಂಚದಲ್ಲಿ ತಿರುವುತ್ತಾ ಬಳಿದು ಗರಿಯ ಭಾವ ತರುತ್ತಿದ್ದರು. ಮೇಲೆ ಇನ್ನೊಂದು ಪದರ ಬಿದ್ದರೂ ಕೆಳಗಿನ ದಿಣ್ಣೆ ಮುಚ್ಚಿಹೋಗುವುದಿಲ್ಲ.

ಅಂದರೆ ಮೂಲ ಬಣ್ಣ ಇದೆ, ಆದರೆ ಕೆಳಗಿದೆ. ಮೇಲಿನ ಕಂದು ಯಾರು ಬಳಿದರು, ಯಾವಾಗ?

ಇದಕ್ಕೆ ಉತ್ತರ ಕೊಟ್ಟಿದ್ದು ಚರೆ. ಡಿಕಾಯ್ ಹತ್ತಿರ ಇಳಿದ ಬಾತಿಗೆ ಕೋವಿ ಹೊಡೆದಾಗ ಒಂದಷ್ಟು ಚರೆ ಮರದ ಬಾತಿಗೂ ಬಡಿಯುತ್ತದೆ. ಇದರ ಬಲ ಪಕ್ಕೆಯಲ್ಲಿ ಏಳು ತೂತು ಎಣಿಸಿದೆ. ಭೂತಗನ್ನಡಿಯಲ್ಲಿ ನೋಡಿದರೆ ಐದು ತೂತಿನ ಒಳಗೂ ಮೇಲಿನ ಬಣ್ಣ ಇಳಿದು ಕೂತಿತ್ತು. ಚರೆ ಬಿದ್ದ ಮೇಲೆ ಬಣ್ಣ ಬಳಿದದ್ದು. ಉಳಿದ ಎರಡು ತೂತು ಆ ಬಣ್ಣವನ್ನೇ ಸೀಳಿಕೊಂಡು ಹೋಗಿದ್ದವು. ಅಂಚಿನಲ್ಲಿ ಬಣ್ಣ ಒಡೆದು ಒಳಗೆ ಬರೀ ಮರ. ಬಣ್ಣ ಬಳಿದ ಮೇಲೆ ಚರೆ ಬಿದ್ದದ್ದು. ಅಂದರೆ ಬಣ್ಣ ಬಳಿದವನು ಹಕ್ಕಿಯನ್ನು ಮತ್ತೆ ನೀರಿಗೆ ಬಿಟ್ಟಿದ್ದಾನೆ. ಇದು ಅಲಂಕಾರಕ್ಕೆ ಬಳಿದದ್ದಲ್ಲ. ಬೇಟೆಗಾರನೇ ಸೀಸನ್ನಿಗೆ ಮುಂಚೆ ಶೆಡ್ಡಿನಲ್ಲಿ ಕೂತು ಬಳಿದದ್ದು. ಈ ಎರಡು ತೂತು ನೋಡಿದಾಗ ನನಗಾದ ಖುಷಿ ಅವನಿಗೆ ಅರ್ಥವಾಗಲಿಲ್ಲ.

ಕೊರಳು, ತಲೆ ಬೇರೆ ಕತೆ. ಕೆಲಸದ ಬ್ಯಾಗಿನಿಂದ ಯುವಿ, ಅಂದರೆ ನೇರಳಾತೀತ ಬೆಳಕಿನ ಟಾರ್ಚ್ ತೆಗೆದೆ. ಕತ್ತಲಲ್ಲಿ ಪೂರ್ತಿ ಹಕ್ಕಿ ಮಂಕಾಗಿ ಕಂಡಿತು. ಬಿಳಿ ಪಟ್ಟಿ, ತಲೆಯ ಮೇಲ್ಭಾಗ, ಕೊಕ್ಕಿನ ತುದಿ ಮಾತ್ರ ತೇಪೆ ಹಾಕಿದಂತೆ ಬೇರೆಯಾಗಿ ಎದ್ದು ಕಂಡವು. ಯುವಿ ಬೆಳಕು ಬಣ್ಣದ ವಯಸ್ಸು ಹೇಳುವುದಿಲ್ಲ. ಇದು ಬೇರೆ, ಅದು ಬೇರೆ ಅಂತ ಮಾತ್ರ ಹೇಳುತ್ತದೆ. ಉಳಿದದ್ದನ್ನು ಕತ್ತಿನ ಎಡಗಡೆ ಹೇಳಿತು. ಪುಟ್ಟಿ ಉದುರಿದ ಹಳ್ಳದೊಳಕ್ಕೆ ಬಿಳಿ ಬಣ್ಣ ಹರಿದು ಬರೀ ಮರದ ಮೇಲೆ ಒಣಗಿತ್ತು. ಅದರ ಮೇಲೆ ಕೊಳೆ ಇಲ್ಲ, ಗೀರಿಲ್ಲ. ಪುಟ್ಟಿ ಹೋಗಿ, ಹಕ್ಕಿ ಕೆಲಸ ಬಿಟ್ಟು ಎಷ್ಟೋ ಕಾಲವಾದ ಮೇಲೆ ಯಾರೋ ಕಾಣಲು ಚೆನ್ನಾಗಿರಲಿ ಅಂತ ಹಚ್ಚಿದ್ದಾರೆ.

ಮೂರು ಪದರ. ಕಾರ್ಖಾನೆಯದು, ಬೇಟೆಗಾರನದು, ಅಲಂಕಾರ ಮಾಡಿದವರದು. ಚೀಟಿಯಲ್ಲಿ 'ಮೂಲ ಬಣ್ಣ' ಅಂತ ತೋರಿಸಿದ್ದು ಮೂರನೆಯದನ್ನು.

ಪೂರ್ತಿ ನಕಲಿ ಇರಬಹುದಲ್ವಾ ಅಂತ ಅವನು ಕೇಳಿದ. ನಕಲಿಗಳು ಇವೆ. ಹೊಸ ಹಕ್ಕಿಗೆ ಟೀ ಡಿಕಾಕ್ಷನ್, ಬೂಟ್ ಪಾಲಿಶ್ ಬಳಿದು, ಸರಪಳಿಯಲ್ಲಿ ಬಡಿದು ಹಳತು ಮಾಡುತ್ತಾರೆ. ಆದರೆ ಅಂಥವರು ಎಲ್ಲಾ ಕಡೆ ಒಂದೇ ಥರ ಗಾಯ ಮಾಡುತ್ತಾರೆ. ನಿಜವಾದ ಬಳಕೆ ಒಂದೇ ಕಡೆ ತಿನ್ನುತ್ತದೆ, ಇನ್ನೊಂದು ಕಡೆ ಬಿಡುತ್ತದೆ. ಜಾಗ ಬದಲಿಸಿದ ಸೀಸ, ಚರ್ಮದ ಕುಣಿಕೆಯ ಮೇಲೆ ಬಂದ ಬಳೆ, ಎರಡು ಕಾಲದ ಚರೆ ತೂತು, ಇಷ್ಟೆಲ್ಲ ಸುಳ್ಳು ಸೃಷ್ಟಿ ಮಾಡಲು ಸ್ಟ್ಯಾಂಡರ್ಡ್ ದರ್ಜೆಯ ಹಕ್ಕಿಗೆ ಯಾರು ಕೂರುತ್ತಾರೆ? ಲಾಭ ಇಲ್ಲ.

ನನ್ನ ಮಾತಿಗೇ ಬಿಡಬಾರದು ಅಂತ ಮುಂದಿನ ವಾರ ಒಬ್ಬ ಹಿರಿಯರ ಹತ್ತಿರ ಕರೆದುಕೊಂಡು ಹೋದೆ. ನಲವತ್ತು ವರ್ಷದಿಂದ ಡಿಕಾಯ್ ಕೂಡಿಸಿದವರು. ನಾವು ಏನೂ ಹೇಳಲಿಲ್ಲ. ಅವರು ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಕೊಕ್ಕಿನಿಂದ ಬಾಲದವರೆಗೆ ಸವರಿದರು. ಮೇಸನ್, ಗಾಜಿನ ಕಣ್ಣು, ಮೇಲೆ ಬಣ್ಣ ಬಿದ್ದಿದೆ ಅಂದರು. ಆಮೇಲೆ ಬೆನ್ನು ಮೂಸಿ ನನ್ನ ಮುಖ ನೋಡಿದರು. ಇದು ಎಂಥ ಎಣ್ಣೆ? ಕೊಬ್ಬರಿ ಅಂದೆ. ಅಗಸೆ ಎಣ್ಣೆ ಹಚ್ಚಿದವರನ್ನು ನೋಡಿದ್ದೆ, ಇದು ಮೊದಲ ಸಲ ಅಂತ ಜೋರಾಗಿ ನಕ್ಕರು. ಅಗಸೆ ಎಣ್ಣೆ ಗಟ್ಟಿಯಾಗಿ ಕೂತು ಕಪ್ಪಗಾಗುತ್ತದಂತೆ, ನಿಮ್ಮದೇ ವಾಸಿ ಅಂದರು.

ಎದೆಯ ಮೇಲೆ ಒಂದು ಅಂಚೆಚೀಟಿ ಗಾತ್ರದ ಜಾಗ ಬಿಡಿಸಿ ನೋಡೋಣವಾ ಅಂತ ಕೇಳಿದರು. ಗೆಳೆಯ ಒಪ್ಪಿದ. ಭೂತಗನ್ನಡಿ ದೀಪದ ಕೆಳಗೆ ಸಣ್ಣ ಚಾಕುವಿನ ತುದಿಯಿಂದ ಮೇಲಿನ ಕಂದನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸಿದರು. ಯಾವ ದ್ರಾವಕವೂ ಇಲ್ಲ. ಮುಕ್ಕಾಲು ಗಂಟೆ ಹಿಡಿಯಿತು. ಕೆಳಗಿಂದ ಬಂದದ್ದು ಮಾಗಿದ ಹುಣಸೆಹಣ್ಣಿನಂಥ ಕೆಂಗಂದು, ಅದರಲ್ಲಿ ಒಂದೂವರೆ ಸುರುಳಿ. ಕುಂಚದ ಒಂದು ಕೂದಲು ಕೂಡ ಬಣ್ಣದಲ್ಲಿ ಸಿಕ್ಕಿಕೊಂಡಿತ್ತು. ಯಾವನೋ ಡೆಟ್ರಾಯಿಟ್ ಕೆಲಸಗಾರ, ಯಾವುದೋ ಮಧ್ಯಾಹ್ನ, ಕೂದಲು ಉದುರಿದ್ದನ್ನೂ ನೋಡದೆ ಮುಂದಿನ ಹಕ್ಕಿ ಎತ್ತಿಕೊಂಡಿದ್ದಾನೆ.

ಪೂರ್ತಿ ಬಿಡಿಸಬಹುದಾ? ಬಿಡಿಸಬಹುದು. ಆದರೆ ಅದಕ್ಕೆ ಹಿಡಿಯುವ ಕೂಲಿ ಹಕ್ಕಿಯ ಬೆಲೆಯನ್ನೇ ಮೀರುತ್ತದೆ. ಒಳ್ಳೆ ಮೂಲ ಬಣ್ಣದ ಪ್ರೀಮಿಯರ್‌ಗೆ ಸಾವಿರಾರು ಡಾಲರ್ ಬರುತ್ತದೆ. ಮೇಲೆ ಬಣ್ಣ ಬಿದ್ದ ಸ್ಟ್ಯಾಂಡರ್ಡ್‌ಗೆ ಅವನು ಕೊಟ್ಟದ್ದು ಹುಟ್ಟಿದರೆ ಹೆಚ್ಚು ಅಂದರು ಹಿರಿಯರು. ಬೇಟೆಗಾರನ ಪದರವನ್ನು ಕೆರೆದು ಹಾಕುವುದು ಸರಿಯಾ ಅನ್ನುವುದರಲ್ಲಿ ಸಂಗ್ರಹಕಾರರಲ್ಲೇ ಎರಡು ಪಕ್ಷ ಇದೆ. ನಾನು ಅದನ್ನು ಹಾಗೇ ಉಳಿಸಬೇಕು ಅನ್ನುವ ಕಡೆಯವನು. ಆ ಎರಡು ಚರೆ ತೂತು ಆ ಪದರ ಇದ್ದರೆ ಮಾತ್ರ ಮಾತಾಡುತ್ತವೆ. ಮೂರನೇ ಪದರದ ಬಿಳಿ ಹೋದರೆ ನನಗೇನೂ ಬೇಜಾರಿಲ್ಲ. ಹಿರಿಯರು ಅದೂ ಹಾಗೇ ಇರಲಿ ಅಂದರು. ಅಡಿಯಲ್ಲಿ ಏನೂ ಉಳಿದಿರದಿದ್ದರೆ ಕೊರಳು ಬರೀ ಮರವಾಗುತ್ತದೆ ಅನ್ನುವುದು ಅವರ ಲೆಕ್ಕ. ಇದರಲ್ಲಿ ಇನ್ನೂ ನಮ್ಮಿಬ್ಬರಿಗೆ ಒಮ್ಮತ ಇಲ್ಲ.

ನ್ಯೂಯಾರ್ಕ್‌ನ ಜೋಯಲ್ ಬಾರ್ಬರ್ ಅನ್ನುವ ವಾಸ್ತುಶಿಲ್ಪಿ 1918ರಲ್ಲಿ ಒಂದು ಡಿಕಾಯ್ ನೋಡಿ ಕೂಡಿಸಲು ಶುರು ಮಾಡುವವರೆಗೆ ಇವನ್ನು ಕಲೆ ಅಂತ ಕಂಡವರೇ ವಿರಳ. ಅವರ ಸಂಗ್ರಹ ಈಗ ವರ್ಮಾಂಟ್‌ನ ಶೆಲ್ಬರ್ನ್ ಮ್ಯೂಸಿಯಂನಲ್ಲಿದೆ. ಮುಂದಿನ ಬೇಸಿಗೆಗೆ ಅಲ್ಲಿಗೆ ಹೋಗೋಣ ಅಂತ ಗೆಳೆಯನೇ ಎತ್ತಿದ್ದಾನೆ. ಲಾಟರಿ ಮಾತು ಬಿಟ್ಟಿದ್ದಾನೆ.

ಎಸ್ಟೇಟ್ ಸೇಲ್‌ನವರು ವಾಪಸ್ ತೆಗೆದುಕೊಳ್ಳುವುದಿಲ್ಲ. ಅವನೂ ಕೇಳಲಿಲ್ಲ. ಹಕ್ಕಿ ಈಗ ಅವನ ಮನೆಯ ಕಪಾಟಿನಲ್ಲಿದೆ, ಬಿಸಿಲು ಬೀಳದ ಕಡೆ, ಹೀಟರ್‌ನಿಂದ ದೂರ. ಹಳೇ ಚೀಟಿ ಬಿಸಾಡಬೇಡ, ಅದೂ ಇರಲಿ ಅಂದಿದ್ದೆ. ಅದರ ಹಿಂಬದಿಯಲ್ಲೇ ಕನ್ನಡದಲ್ಲಿ ಹೊಸದು ಬರೆದಿದ್ದಾನೆ:

"ಮೇಸನ್, ಡೆಟ್ರಾಯಿಟ್, 1896–1924ರ ನಡುವೆ. ಸ್ಟ್ಯಾಂಡರ್ಡ್, ಗಾಜಿನ ಕಣ್ಣು, ಗಂಡು ಮ್ಯಾಲರ್ಡ್. ತಳದ ಅಕ್ಷರ ಮಾಲೀಕನದು. ಮೊದಲ ಬಣ್ಣ ಕಾರ್ಖಾನೆ, ಎರಡನೆಯದು ಬೇಟೆಗಾರ, ಕೊರಳು ತಲೆ ಮೂರನೆಯವರು. ಬೆನ್ನಿಗೆ ಕೊಬ್ಬರಿ ಎಣ್ಣೆ, ಅಮ್ಮ."